ನಾನು ಸಾಯದೆ ಉಳಿದ ನಾಟಕ

ಸ್ನಾನ ಮುಗಿಸಿ ಟವೆಲನ್ನು ಹೆಗಲ ಮೇಲೆ ಹಾಕಿಕೊಳ್ಳುವಾಗ ನನ್ನ ಬಲಗೈ ನನ್ನನ್ನು ಕೇಳದೆ ಒಂದು ಕೆಲಸ ಮಾಡುತ್ತದೆ. ಟವೆಲಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು, ಬೆನ್ನ ಹಿಂದಿನಿಂದ ಮುಂದಕ್ಕೆ ತಂದು, ಸೊಂಟದ ಹತ್ತಿರ ಸಿಕ್ಕಿಸಲು ನೋಡುತ್ತದೆ. ಟವೆಲು ಅಷ್ಟುದ್ದ ಇರುವುದಿಲ್ಲವಾದ್ದರಿಂದ ಕೈ ಅರ್ಧ ದಾರಿಯಲ್ಲಿ ನಾಚಿಕೊಂಡು ವಾಪಸು ಬರುತ್ತದೆ. ಅಡುಗೆಮನೆಯ ಬಾಗಿಲಲ್ಲಿ ನಿಂತ ನನ್ನ ಹೆಂಡತಿ "ಸೆರಗು ಸರಿಯಾಯ್ತಾ?" ಎಂದು ಕೇಳುತ್ತಾಳೆ. ಮದುವೆಯಾದ ಹೊಸತರಲ್ಲಿ ಇದನ್ನು ನೋಡಿ ಅವಳಿಗೆ ಗಾಬರಿಯಾಗಿತ್ತಂತೆ. ಈಗ ಗಾಬರಿಯೆಲ್ಲ ಹೋಗಿ ಬರೀ ತಮಾಷೆ ಉಳಿದಿದೆ.

ನನ್ನ ಕೈಗೆ ಈ ಚಾಳಿ ಹತ್ತಿಸಿದ್ದು ಒಂದು ನಾಟಕ. ಅದರಲ್ಲಿ ನಾನು ನಾಯಕಿ. ಕೊನೆಯ ಅಂಕದಲ್ಲಿ ಗಂಡನ ಕೈಯಲ್ಲಿ ಅನ್ಯಾಯವಾಗಿ ಸಾಯಬೇಕಾದವಳು. ಎರಡು ತಿಂಗಳು ಸೀರೆ ಉಡುವುದನ್ನೂ ಸಾಯುವುದನ್ನೂ ಅಭ್ಯಾಸ ಮಾಡಿದ್ದೆ. ಸೀರೆ ಉಟ್ಟೆ, ಸಾಯಲಿಲ್ಲ. ಎಷ್ಟೋ ಜನರ ಎದುರು ಇದನ್ನು ಹೇಳಿ ನಗಿಸಿದ್ದೇನೆ. ಆದರೆ ಪ್ರತಿ ಸಲವೂ ಅರ್ಧಕ್ಕೇ ನಿಲ್ಲಿಸಿದ್ದೇನೆ, ಯಾಕೆಂದರೆ ಉಳಿದರ್ಧದಲ್ಲಿ ನಗುವಂಥದ್ದು ಏನೂ ಇಲ್ಲ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ. ನೀವು ನಗುವುದಿದ್ದರೆ ಮೊದಲರ್ಧದಲ್ಲೇ ನಕ್ಕು ಮುಗಿಸಿಕೊಳ್ಳಿ.

ಇಸವಿ ಅರವತ್ತರ ಆಸುಪಾಸಿನ ಮಾತು. ನಮ್ಮ ಜಿಲ್ಲೆ ಮುಂಬೈ ಸರಕಾರದ ಕೈಬಿಟ್ಟು ಮೈಸೂರಿಗೆ ಸೇರಿ ಕೆಲವೇ ವರ್ಷಗಳಾಗಿದ್ದವು. ಬೋರ್ಡಿನ ಮೇಲೆ ತಾಲೂಕು ಕಚೇರಿ ಎಂಬ ಹೊಸ ಹೆಸರು ಬಂದಿದ್ದರೂ ಜನರ ಬಾಯಲ್ಲಿ ಅದು ಮಾಮಲೇದಾರ ಕಚೇರಿಯೇ. ಭಟ್ಕಳದ ಆ ಕಚೇರಿಯಲ್ಲಿ ನಾನು ಗುಮಾಸ್ತ, ಇಪ್ಪತ್ತೆರಡರ ಪ್ರಾಯ, ಮದುವೆಯಾಗಿರಲಿಲ್ಲ. ಮನೆ ಕುಮಟೆಯಲ್ಲಿ. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟ ಕೂಡಲೇ ಹೊರಟರೆ ಕಾಸರಕೋಡಿನವರೆಗೆ ಒಂದು ಬಸ್ಸು, ಅಲ್ಲಿಂದ ಶರಾವತಿ ದಾಟಲು ಲಾಂಚು, ಹೊನ್ನಾವರದಲ್ಲಿ ಇಳಿದು ಮತ್ತೊಂದು ಬಸ್ಸು. ಅದು ಕರ್ಕಿಯ ಮೇಲೆ ಹಾದು ಕುಮಟೆ ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಸೋಮವಾರ ನಸುಕಿನಲ್ಲಿ ಎದ್ದು ಇದೇ ದಾರಿ ವಾಪಸು. ಆ ದಾರಿಯಲ್ಲಿ ಕೊಂಕಣಿ, ಕನ್ನಡ, ಭಟ್ಕಳದ ಮುಸಲ್ಮಾನರ ನವಾಯತಿ ಎಲ್ಲ ಭಾಷೆಯಲ್ಲೂ ಊರೂರಿನ ಸುದ್ದಿ ಸಿಗುತ್ತಿತ್ತು. ಲಾಂಚಿನಲ್ಲಿ ಕೂತವನಿಗೆ ಪೇಪರು ಬೇಕಿರಲಿಲ್ಲ. ನಾನಂತೂ ಪೇಪರು ಓದುತ್ತಲೇ ಇರಲಿಲ್ಲ, ಹೀಗಾಗಿ ದೇಶದ ಸುದ್ದಿಗಿಂತ ದಾರಿಯ ಮಂಕಿ ಊರಿನಲ್ಲಿ ಯಾರ ಎಮ್ಮೆ ಕಳೆದಿದೆ ಎಂಬುದು ನನಗೆ ಮೊದಲು ತಿಳಿಯುತ್ತಿತ್ತು.

ಲಾಂಚಿನಲ್ಲೇ ನನಗೆ ಕಾಮತ ಮಾಸ್ತರು ಸಿಕ್ಕಿದ್ದು. ಹೊನ್ನಾವರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಪರದೇಶದ ಒಂದು ಹಳೆಯ ದುರಂತ ನಾಟಕವನ್ನು ಕನ್ನಡಕ್ಕೆ ತಂದು ಕೂತಿದ್ದರು. ಕತೆ ಇಷ್ಟೇ. ಒಬ್ಬ ಶೂರ ದಳಪತಿ, ಅವನ ಪತಿವ್ರತೆ ಹೆಂಡತಿ, ಅವನು ತುಂಬ ನಂಬಿದ ಒಬ್ಬ ಆಪ್ತ. ಆಪ್ತನಿಗೆ ಒಳಗೊಳಗೇ ಹೊಟ್ಟೆಕಿಚ್ಚು. ನಿನ್ನ ಹೆಂಡತಿಯ ಮನಸ್ಸು ಬೇರೊಬ್ಬ ತರುಣನ ಮೇಲಿದೆ ಎಂದು ದಳಪತಿಯ ಕಿವಿಯಲ್ಲಿ ಸ್ವಲ್ಪ ಸ್ವಲ್ಪವೇ ವಿಷ ಹನಿಸುತ್ತಾನೆ. ದಳಪತಿ ನಂಬುತ್ತಾನೆ, ಹೆಂಡತಿಯನ್ನು ತನ್ನ ಕೈಯಾರೆ ಕೊಲ್ಲುತ್ತಾನೆ, ಆಮೇಲೆ ಸತ್ಯ ತಿಳಿಯುತ್ತದೆ. ಮಾಸ್ತರು ಕಾಲೇಜಿನಲ್ಲಿ ಓದುವಾಗ ಇದಕ್ಕೆ ಅತ್ತಿದ್ದರಂತೆ. ಹೊನ್ನಾವರದ ಜನರನ್ನೂ ಒಮ್ಮೆ ಅಳಿಸಬೇಕು ಎಂಬುದು ಅವರ ಜೀವನದ ಆಸೆ. ಲಾಂಚಿನಲ್ಲಿ ನಾನು ಯಾರ ಜೊತೆಗೋ ಜಗಳ ಮಾಡುವುದನ್ನು ಕೇಳಿಸಿಕೊಂಡು, "ನಿನ್ನ ಸ್ವರ ಚಲೋ ಇದೆ, ಸಿಟ್ಟು ಬಂದ್ರೂ ಹೆಣ್ಣಿನ ಹಾಗೆ ಕೇಳ್ತದೆ" ಎಂದರು. ಇದನ್ನು ಹೊಗಳಿಕೆ ಎಂದುಕೊಂಡು ನಾನು ನಾಯಕಿಯಾಗಲು ಒಪ್ಪಿದೆ.

ದಳಪತಿಯ ಪಾತ್ರಕ್ಕೂ ಆಪ್ತನ ಪಾತ್ರಕ್ಕೂ ಮಾಸ್ತರಿಗೆ ಹುಡುಕುವ ಕೆಲಸ ಇರಲಿಲ್ಲ. ಭಟ್ಕಳದ ಹತ್ತಿರದ ಮುಟ್ಟಳ್ಳಿಯ ಮಾಸ್ತಪ್ಪ ನಾಯ್ಕರು ಮತ್ತು ಕರ್ಕಿಯ ಪರಮೇಶ್ವರ ಭಟ್ಟರು ಎಂದರೆ ಭಟ್ಕಳದಿಂದ ಕುಮಟೆಯವರೆಗೆ ಗೊತ್ತಿಲ್ಲದವರಿಲ್ಲ. ಇಬ್ಬರೂ ತಾಳಮದ್ದಲೆಯ ಅರ್ಥಧಾರಿಗಳು. ತಾಳಮದ್ದಲೆ ಎಂದರೆ ವೇಷವಿಲ್ಲದ, ಕುಣಿತವಿಲ್ಲದ ಯಕ್ಷಗಾನ. ಭಾಗವತರು ಪದ ಹೇಳುತ್ತಾರೆ, ಎದುರುಬದುರು ಕೂತ ಇಬ್ಬರು ಆ ಪದದ ಅರ್ಥವನ್ನು ತಮ್ಮ ಸ್ವಂತ ಮಾತಿನಲ್ಲಿ ಹೇಳುತ್ತಾರೆ. ಬರೆದಿಟ್ಟ ಮಾತು ಒಂದೂ ಇಲ್ಲ. ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಅಲ್ಲೇ ಹುಟ್ಟಿಸಿ ಉತ್ತರ ಕೊಡಬೇಕು. ಉತ್ತರ ಹೊಳೆಯದೆ ಸುಮ್ಮನೆ ಕೂತರೆ ಅದು ಸೋಲು. ಮಾರನೇ ದಿನ ಊರೆಲ್ಲ ಅದೇ ಮಾತು.

ನಾಯ್ಕರು ಗದ್ದೆ, ತೆಂಗು ನೋಡಿಕೊಂಡಿದ್ದ ರೈತರು. ಆಜಾನುಬಾಹು, ಮಾತಾಡಿದರೆ ಮಾಡಿನ ಹಂಚು ಅದುರಬೇಕು. ಭಟ್ಟರು ಪೂಜೆ ಪುರೋಹಿತಿಕೆಯವರು, ಸಪೂರ ಮನುಷ್ಯ, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡಿ ಎದುರಿನವನನ್ನು ಮೂಲೆಗೆ ಒತ್ತುತ್ತಿದ್ದರು. ಹತ್ತು ಹದಿನೈದು ವರ್ಷಗಳಿಂದ ಇವರು ಎದುರುಬದುರು ಕೂರುತ್ತಿದ್ದರು. ಒಬ್ಬರು ದೇವರಾದರೆ ಇನ್ನೊಬ್ಬರು ರಾಕ್ಷಸ. ಒಂದೂರಲ್ಲಿ ಇವರು ಗೆದ್ದರೆ ಮುಂದಿನೂರಲ್ಲಿ ಅವರು. ಒಬ್ಬರನ್ನೇ ಕರೆಸಿದರೆ ಜನ "ಇನ್ನೊಬ್ರು ಎಲ್ಲಿ?" ಎಂದು ಕೇಳುತ್ತಿದ್ದರು.

ಅವರಲ್ಲಿ ಒಂದು ಪದ್ಧತಿ ಇತ್ತು. ಎಷ್ಟೇ ಬಿರುಸಿನ ವಾದ ಆಗಿರಲಿ, ಮಂಗಳ ಹಾಡಿದ ಮೇಲೆ ಇಬ್ಬರೂ ಒಂದೇ ಬಾಳೆಲೆಯ ಎರಡು ತುದಿಗೆ ಅವಲಕ್ಕಿ ಹಾಕಿಸಿಕೊಂಡು ಕೂರುತ್ತಿದ್ದರು. ಜಾತಿಯ ಲೆಕ್ಕ ನೋಡುವ ಕೆಲವರು ಮುಖ ತಿರುಗಿಸಿದರೂ ಭಟ್ಟರು ಬಿಟ್ಟವರಲ್ಲ. "ನೀವು ಆ ಮಾತು ಹಾಕಿದಾಗ ನಂಗೆ ಎದೆ ಧಸಕ್ಕೆಂತು ಭಟ್ರೆ." "ಆದ್ರೆ ನಾಯ್ಕರೆ, ನೀವು ಅದನ್ನ ಹಿಡಿದು ತಿರುಗಿಸಿದ್ದು ನೋಡಿ, ಅದು ವಿದ್ಯೆ." ಹೀಗೆ ಒಬ್ಬರ ಮಾತನ್ನು ಇನ್ನೊಬ್ಬರು ಬಿಡಿಸಿ ನೋಡಿ, ಎಲ್ಲಿ ಚುಚ್ಚಿತು ಎಲ್ಲಿ ತಾಗಿತು ಎಂದು ಹೇಳಿಕೊಂಡು, ನಕ್ಕು ಏಳುತ್ತಿದ್ದರು. ಅಲ್ಲಿಗೆ ಆ ಜಗಳ ಆ ಎಲೆಯ ಜೊತೆಗೇ ಹೊರಗೆ ಹೋಗುತ್ತಿತ್ತು.

ತಾಲೀಮು ಭಾನುವಾರಗಳಲ್ಲಿ, ಹೊನ್ನಾವರದ ಶಾಲೆಯ ಹಾಲ್‌ನಲ್ಲಿ. ಮೊದಲ ದಿನವೇ ನಾಯ್ಕರು ತಕರಾರು ತೆಗೆದರು. ಮೂಲ ನಾಟಕದಲ್ಲಿ ಗಂಡ ಕೊಟ್ಟ ಒಂದು ಕರವಸ್ತ್ರ ಕಳೆದುಹೋಗಿ ಬೇರೆಯವನ ಕೈಯಲ್ಲಿ ಸಿಗುತ್ತದೆ, ಅದರಿಂದ ಅನರ್ಥವಾಗುತ್ತದೆ.

"ಎಂತ ಮಾಸ್ತರ್ರೆ, ಒಂದು ಕರ್ಚೀಪಿಗೆ ಹೆಂಡ್ತಿ ಕೊಲ್ಲುದಾ? ನಮ್ಮ ಮನೆ ಹೆಂಗಸ್ರ ಹತ್ರ ಕರ್ಚೀಪೇ ಇಲ್ಲ. ಮುಖ ಒರಸೂಕೆ ಸೆರಗು ಉಂಟಲ್ಲ."

ಮಾಸ್ತರು ಎರಡು ದಿನ ನೊಂದುಕೊಂಡು ಕರವಸ್ತ್ರದ ಬದಲು ಬೆಳ್ಳಿಯ ಕುಂಕುಮ ಭರಣಿ ಮಾಡಿದರು. ಅತ್ತೆಯಿಂದ ಸೊಸೆಗೆ ಬಂದ ಭರಣಿ ಪರಗಂಡಸಿನ ಕೈಯಲ್ಲಿ ಸಿಕ್ಕಿದರೆ ನಮ್ಮ ಕಡೆ ಅದು ಸಣ್ಣ ಮಾತಲ್ಲ. ನಾಯ್ಕರು "ಹಾಂ, ಇದು ಆತು" ಎಂದರು. ನನ್ನ ಕಡೆಯಿಂದ ನಾಟಕಕ್ಕೆ ಸಂದ ಬಲಿ ಎಂದರೆ ನನ್ನ ಮೀಸೆ. ಹೊಸದಾಗಿ ಬಂದಿದ್ದ, ಬಹಳ ಆರೈಕೆ ಮಾಡಿ ಬೆಳೆಸಿದ್ದ ಮೀಸೆ. ಬೋಳಿಸಿಕೊಂಡು ಕಚೇರಿಗೆ ಹೋದ ದಿನ ಹಿರಿಯ ಗುಮಾಸ್ತರು ಎದ್ದು ನಿಂತು ಕುರ್ಚಿ ತೋರಿಸಿ "ಬನ್ನಿ ಅಮ್ಮಾ, ಕೂತ್ಕೊಳ್ಳಿ" ಎಂದರು. ಕುಮಟೆಯಲ್ಲಿ ನಮ್ಮ ತಾಯಿ ಬಾಗಿಲು ತೆಗೆದವರು ಒಂದು ಕ್ಷಣ ಗುರುತು ಹತ್ತದೆ ನಿಂತು, ಗುರುತು ಹತ್ತಿದ ಮೇಲೆ ಇನ್ನೂ ಹೆಚ್ಚು ಹೊತ್ತು ನಿಂತರು.

ಮಾಸ್ತರಿಗೆ ಇದ್ದ ಚಿಂತೆ ಒಂದೇ. ತಾವು ಬರೆದದ್ದನ್ನು ಈ ಇಬ್ಬರು ಮಹಾನುಭಾವರು ಬರೆದ ಹಾಗೇ ಹೇಳುತ್ತಾರೆಯೇ? ಭಟ್ಟರು ಕೈಮುಗಿದು ಮಾತು ಕೊಟ್ಟರು: "ಮಾಸ್ತರೆ, ನಿಮ್ಮ ಅಕ್ಷರ ಆಚೀಚೆ ಮಾಡುದಿಲ್ಲ." ನಾಯ್ಕರು, "ಬಾಯಿಪಾಠ ನಂಗೆ ಬರುದಿಲ್ಲ ಅಂತ ಅಲ್ಲ, ರೂಢಿ ಇಲ್ಲ ಅಷ್ಟೆ. ಆತು ಬಿಡಿ" ಎಂದರು. ಎರಡು ತಿಂಗಳಲ್ಲಿ ಇಬ್ಬರೂ ಕಲಿತರು. ತಾಲೀಮಿನಲ್ಲಿ ನಾಯ್ಕರು ನನ್ನ ಕತ್ತು ಹಿಸುಕುವಾಗ ಮಾಸ್ತರ ಕಣ್ಣಲ್ಲಿ ನೀರು ಬರುತ್ತಿತ್ತು. ನನ್ನ ಕಣ್ಣಲ್ಲೂ ಬರುತ್ತಿತ್ತು, ಬೇರೆ ಕಾರಣಕ್ಕೆ. ಅವರ ಕೈ ನೇಗಿಲು ಹಿಡಿದ ಕೈ.

ನಾಟಕವನ್ನು ಭಾನುವಾರ ಮಧ್ಯಾಹ್ನ ಊಟದ ಹೊತ್ತು ಕಳೆದ ಕೂಡಲೇ ಇಟ್ಟರು. ಭಟ್ಕಳ ಕಡೆಯವರಿಗೆ ಕೊನೆಯ ಲಾಂಚು ಸಿಗಬೇಕಲ್ಲ! ಹಾಲ್ ತುಂಬಿ ಕಿಟಕಿಯಲ್ಲೂ ಜನ. ಮೊದಲೆರಡು ಅಂಕ ಚೆಂದವಾಗಿ ನಡೆದವು. ನನ್ನನ್ನು ನೋಡಿ ಮುಂದಿನ ಸಾಲಿನ ಹೆಂಗಸೊಬ್ಬಳು "ಯಾರ ಮನೆ ಹುಡುಗಿಯೇ ಇದು?" ಎಂದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆ ಸುಖ ನನಗೆ ಆಮೇಲೆ ಯಾವ ಬಡ್ತಿಯಲ್ಲೂ ಸಿಗಲಿಲ್ಲ.

ಮೂರನೇ ಅಂಕ. ಆಪ್ತನಾದ ಭಟ್ಟರು ದಳಪತಿಯ ಕಿವಿಯಲ್ಲಿ ವಿಷ ಹನಿಸುವ ಮುಖ್ಯ ದೃಶ್ಯ. ಭರಣಿಯನ್ನು ಆ ತರುಣನ ಕೈಯಲ್ಲಿ ಕಂಡೆ ಎಂದು ಹೇಳಿಯಾಯಿತು. ಮುಂದಿನ ಒಂದು ಮಾತು ಭಟ್ಟರಿಗೆ ಮರೆತುಹೋಯಿತು. ಪರದೆಯ ಬದಿಯಿಂದ ಮಾಸ್ತರು ಪಿಸುಗುಟ್ಟಿದರು. ಅಷ್ಟರಲ್ಲಿ ಸಭೆಯಲ್ಲಿ ಯಾವುದೋ ಕೂಸು ಅಳಲು ಶುರುಮಾಡಿ ಅದು ಕೇಳಲಿಲ್ಲ. ಸುಮ್ಮನೆ ನಿಂತು ಗೊತ್ತಿಲ್ಲದ ಭಟ್ಟರು ತಮ್ಮದೇ ಒಂದು ಮಾತು ಸೇರಿಸಿ ಜಾಗ ತುಂಬಿದರು.

"ರಣರಂಗದಲ್ಲಿ ಶತ್ರುವಿನ ಕಣ್ಣನ್ನು ಓದಬಲ್ಲ ತಮಗೆ, ಮನೆಯೊಳಗಿನ ಕಣ್ಣನ್ನು ಓದಲು ಬರುವುದಿಲ್ಲವೇ? ಇದಕ್ಕೆ ತಮ್ಮಲ್ಲಿ ಏನು ಉತ್ತರವಿದೆ?"

ಪುಸ್ತಕದ ಪ್ರಕಾರ ಇಲ್ಲಿ ನಾಯ್ಕರು ಎದೆ ಹಿಡಿದುಕೊಂಡು, ಅಯ್ಯೋ ಎಂದು ಕುರ್ಚಿಯಲ್ಲಿ ಕುಸಿಯಬೇಕು. ಆದರೆ 'ಏನು ಉತ್ತರವಿದೆ' ಎಂಬ ಮಾತು, ಅದೂ ಈ ಬಾಯಿಂದ, ಅವರ ಕಿವಿಗೆ ಬಿತ್ತು. ಹದಿನೈದು ವರ್ಷದ ರೂಢಿ ಎದ್ದು ಕೂತಿತು. ಬದಿಯಲ್ಲಿ ನಿಂತಿದ್ದ ನನಗೆ ಅವರ ಮುಖ ಕಾಣುತ್ತಿತ್ತು. ದಳಪತಿ ಹೋಗಿ ತಾಳಮದ್ದಲೆಯ ನಾಯ್ಕರು ಬಂದಿದ್ದರು.

"ಇದೆ, ಉತ್ತರ ಇದೆ" ಎಂದರು. "ಭರಣಿಯನ್ನು ಅವನ ಕೈಯಲ್ಲಿ ಕಂಡೆ ಎಂದೆ. ಕಂಡ ಕೂಡಲೇ ಕಸಿದು ತಂದು ನನಗೇಕೆ ಕೊಡಲಿಲ್ಲ? ನನ್ನ ಮನೆಯ ಬೆಳ್ಳಿ ಹೊರಗೆ ಹೋಗುವುದನ್ನು ನೋಡಿ ಸುಮ್ಮನೆ ನಿಂತವನು ನನಗೆ ಆಪ್ತ ಹೇಗಾದ?"

ಸಭೆಯಲ್ಲಿ ಒಂದು ಚಪ್ಪಾಳೆ ಬಿತ್ತು. ಭಟ್ಟರು ತಡಬಡಿಸಿ, "ತಮ್ಮ ಮಾನ ಬೀದಿಗೆ ಬರಬಾರದೆಂದು..." ಎಂದರು.

"ನನ್ನ ಮಾನ ಭರಣಿಯೊಳಗಿದೆಯೇ? ಹಾಗಾದರೆ ಅದು ಹೋದದ್ದೇ ಒಳ್ಳೆಯದು. ಅಷ್ಟು ಸಣ್ಣ ಮಾನ ನನಗೆ ಬೇಡ. ಈಗ ಇದಕ್ಕೆ ಹೇಳು. ನನ್ನ ಹೆಂಡತಿಯ ತಪ್ಪು ನಿನಗೆ ಕಂಡಿತು. ಅವಳನ್ನು ಕೇಳಿದೆಯಾ? ಇಲ್ಲ. ಅವಳನ್ನು ಕೇಳು ಎಂದು ನನಗೆ ಹೇಳಿದೆಯಾ? ಇಲ್ಲ. ಸಂಶಯಪಡು ಎಂದು ಹೇಳುತ್ತಿದ್ದೀಯ. ಕೇಳಿದರೆ ಒಂದು ಮಾತಿಗೆ ಮುಗಿಯುವುದನ್ನು ಸಂಶಯಪಟ್ಟು ಜನ್ಮವಿಡೀ ನಾನು ಯಾಕೆ ಹೊರಬೇಕು? ಇದಕ್ಕೆ ನಿನ್ನಲ್ಲಿ ಏನು ಉತ್ತರ?"

ಮಾಡು ಹಾರಿಹೋಗುವ ಹಾಗೆ ಚಪ್ಪಾಳೆ, ಸಿಳ್ಳೆ. ಭಟ್ಟರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇಟ್ಟುಕೊಂಡು ಪರದೆಯ ಬದಿಗೆ ನೋಡಿದರು. ಅಲ್ಲಿ ಮಾಸ್ತರು ಎರಡೂ ಕೈ ಜೋಡಿಸಿ ಬೇಡ ಬೇಡ ಎಂದು ತಲೆ ಆಡಿಸುತ್ತಿದ್ದರು. ಭಟ್ಟರು ಬಾಯಿ ಮುಚ್ಚಿದರು. ತಾಳಮದ್ದಲೆಯಲ್ಲಾದರೆ ಇಂಥ ಹೊತ್ತಿಗೆ ಭಾಗವತರು ಮುಂದಿನ ಪದ ಎತ್ತಿಬಿಡುತ್ತಾರೆ. ವಾದದಲ್ಲಿ ಯಾರು ಗೆದ್ದರೂ ಪದ ಬಂತೆಂದರೆ ಕತೆ ಹೋಗಬೇಕಾದ ದಾರಿಗೇ ಹೋಗಬೇಕು, ಸಾಯುವವ ಸಾಯಲೇಬೇಕು. ಇಲ್ಲಿ ಪದ ಎತ್ತುವವರು ಯಾರೂ ಇರಲಿಲ್ಲ.

ನಾಯ್ಕರು ಬದಿಗೆ ಬಂದು ನನ್ನ ಕೈ ಹಿಡಿದು ರಂಗದ ನಡುವೆ ಎಳೆದು ತಂದರು. "ಭರಣಿ ಎಲ್ಲಿ?" ಎಂದು ಕೇಳಿದರು. ನನ್ನ ಬಾಯಿಪಾಠದಲ್ಲಿ ಈ ಜಾಗಕ್ಕೆ ಏನೂ ಇರಲಿಲ್ಲ. ಹೆದರಿಕೆಯಲ್ಲಿ ನಿಜ ಹೇಳಿದೆ: "ಕಳೆದುಹೋಯಿತು."

"ಕಳೆದರೆ ಇನ್ನೊಂದು ಮಾಡಿಸಿದರಾಯಿತು" ಎಂದು ನಾಯ್ಕರು ಸಭೆಯ ಕಡೆಗೆ ತಿರುಗಿ ನಿಂತರು. ಯಾರೋ ಪರದೆ ಎಳೆದರು, ನಾಟಕ ಅಲ್ಲಿಗೇ ಮುಗಿಯಿತು. ಹೀಗೆ ಆ ಪಾತ್ರದಲ್ಲಿ ಮುತ್ತೈದೆಯಾಗಿ ಮನೆಗೆ ಹೋದವನು ನಾನೊಬ್ಬನೇ ಇರಬೇಕು.

ನಾನು ನಗಿಸಲು ಹೇಳುವ ಕತೆ ಇಲ್ಲಿಗೆ ನಿಲ್ಲುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ, ಕಾಮತ ಮಾಸ್ತರು ಕೈಬರಹದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬರೇ ಕೂತು ಅತ್ತರು ಎಂದರೆ ಇನ್ನೂ ನಗುತ್ತಾರೆ.

ಬಣ್ಣದ ಕೋಣೆಯಲ್ಲಿ ಭಟ್ಟರು ಗೋಡೆಯ ಕಡೆಗೆ ಮುಖ ಮಾಡಿ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಿದ್ದರು. ನಾಯ್ಕರು ದಳಪತಿಯ ಕೋಟಿನಲ್ಲೇ ನಗುತ್ತ ಬಂದರು.

"ಎಂತ ಭಟ್ರೆ, ಹ್ಯಾಂಗಾತು?"

"ಆತು. ಚಲೋ ಆತು" ಎಂದರು ಭಟ್ಟರು. ತಿರುಗಲಿಲ್ಲ.

ಶಾಲೆಯ ಜಗಲಿಯಲ್ಲಿ ಅವಲಕ್ಕಿ, ಚಹಾ ತಯಾರಿತ್ತು. ಆದರೆ ನಾಟಕ ಶುರುವಾದದ್ದೇ ತಡವಾಗಿ, ಮೇಲೆ ಚಪ್ಪಾಳೆ, ಗದ್ದಲದಲ್ಲಿ ಹೊತ್ತು ಹೋದದ್ದೇ ಯಾರಿಗೂ ಗೊತ್ತಾಗಿರಲಿಲ್ಲ. ಕೊನೆಯ ಲಾಂಚು ಹೊರಡುತ್ತದೆ ಎಂದು ಯಾರೋ ಓಡಿ ಬಂದು ಕೂಗಿದರು. ಆ ಸಲ ಕುಮಟೆಗೆ ಹೋಗದೆ ನೇರ ಭಟ್ಕಳಕ್ಕೇ ಹೊರಟಿದ್ದ ನಾನೂ ಸೇರಿ, ಭಟ್ಕಳ ಕಡೆಯವರೆಲ್ಲ ಎದ್ದೆವೋ ಬಿದ್ದೆವೋ ಎಂದು ಓಡಿದೆವು. ನನ್ನ ತುಟಿಯ ಕೆಂಪು ಹಾಗೇ ಇತ್ತು. ಲಾಂಚಿನಲ್ಲಿ ಒಬ್ಬ ಮುದುಕ ನನಗೆ ಜಾಗ ಬಿಟ್ಟುಕೊಟ್ಟ. ನಾಯ್ಕರು ಕಂಬಿ ಹಿಡಿದು ನಿಂತು ಹೊನ್ನಾವರದ ದಡವನ್ನೇ ನೋಡುತ್ತಿದ್ದರು. "ಭಟ್ರ ಹತ್ರ ಎರಡು ಮಾತು ಆಡ್ಲೇ ಇಲ್ಲ ಮಾರಾಯ. ಮುಂದಿನ ಸಲ ಸಿಕ್ದಾಗ ಆಡ್ವಾ" ಎಂದರು. ಆ ಅವಲಕ್ಕಿ ತಿಂದು ಬಂದಿದ್ದರೆ, ಲಾಂಚು ತಪ್ಪಿ ಅವರು ಅಲ್ಲೇ ಉಳಿದಿದ್ದರೆ ಎಂದು ನಾನು ಎಷ್ಟು ಸಲ ಅಂದುಕೊಂಡಿದ್ದೇನೆಂದು ಹೇಳಲಾರೆ.

ಮುಂದಿನ ಸಲ ಸಿಗುವ ಮುಂಚೆ ಜನ ಮಾತಾಡಿದರು. ನನ್ನ ಶನಿವಾರ ಸೋಮವಾರದ ದಾರಿಯಲ್ಲಿ ಆ ಮಾತು ಬೆಳೆಯುವುದನ್ನು ನಾನು ನೋಡಿದೆ. ಮೊದಲ ವಾರ ಭಟ್ಕಳದ ಪಕ್ಕದ ಜಾಲಿಯ ಅಂಗಡಿಯಲ್ಲಿ "ನಮ್ಮ ನಾಯ್ಕರು ಭಟ್ರ ಬಾಯಿ ಮುಚ್ಚಿಸಿದ್ರು" ಎಂದಷ್ಟೇ ಇತ್ತು. ಅದೇ ಮಾತು ಲಾಂಚು ದಾಟುವಷ್ಟರಲ್ಲಿ "ಬಾಯಿ ಮುಚ್ಚಿಸ್ತೆ ಅಂತ ಹೇಳೇ ಬಂದಿದ್ರಂತೆ" ಆಗಿತ್ತು. ಕರ್ಕಿಗೆ ಬಂದಾಗ, ತಾಲೀಮಿನಲ್ಲಿ ಭಟ್ಟರ ಪಾತ್ರವನ್ನು ಎಲ್ಲರೂ ಹೊಗಳಿದ್ದು ನಾಯ್ಕರಿಗೆ ತಡೆಯಲಿಲ್ಲ, ಅದಕ್ಕೇ ತುಂಬಿದ ಸಭೆಯಲ್ಲಿ ಮರ್ಯಾದೆ ಕಳೆದರು ಎಂದಾಗಿತ್ತು. ಸೋಮವಾರ ವಾಪಸು ಹೋಗುವಾಗ ಎದುರು ದಿಕ್ಕಿನ ಮಾತು ಬರುತ್ತಿತ್ತು. ಭಟ್ಟರು ಬೇಕೆಂದೇ ಪುಸ್ತಕದಲ್ಲಿಲ್ಲದ ಪ್ರಶ್ನೆ ಹಾಕಿದರಂತೆ, ರೈತನಿಗೆ ಉತ್ತರ ಎಲ್ಲಿ ಬರುತ್ತದೆ ಎಂದುಕೊಂಡಿದ್ದರಂತೆ. ಇದನ್ನೆಲ್ಲ ಮೊದಲು ಹೇಳಿದವರು ಯಾರು ಎಂದು ಹುಡುಕಲು ಹೋದರೆ ಯಾರೂ ಸಿಗುತ್ತಿರಲಿಲ್ಲ. ಎಲ್ಲರೂ ಕೇಳಿದವರೇ. ಮಾಸ್ತರ ನಾಟಕದಲ್ಲಿ ವಿಷ ಹನಿಸಲು ಒಬ್ಬ ದುಷ್ಟ ಬೇಕಾಗಿತ್ತು. ನಮ್ಮಲ್ಲಿ ಅಂಥ ದುಷ್ಟರು ಯಾರೂ ಇಲ್ಲದೆಯೇ ಕೆಲಸ ನಡೆದುಹೋಯಿತು.

ನಾನು ಸುಮ್ಮನಿರಲಿಲ್ಲ. ಬದಿಯಲ್ಲಿ ನಿಂತು ಎಲ್ಲ ನೋಡಿದವನು ನಾನು, ಕೂಸು ಅತ್ತದ್ದು, ಭಟ್ಟರು ಮರೆತದ್ದು, ನಾಯ್ಕರು ಕುರುಡು ರೂಢಿಯಲ್ಲಿ ಬಿದ್ದದ್ದು ಎಲ್ಲ ಬಲ್ಲೆ ಎಂದು ಬಸ್ಸಿನಲ್ಲಿ, ಲಾಂಚಿನಲ್ಲಿ ಗಂಟಲು ಹರಿಯುವಂತೆ ಹೇಳಿದೆ. ಜನ ನಕ್ಕುಬಿಟ್ಟರು. "ನೀನು ಬಿಡು ಮಾರಾಯ, ನೀನು ಅವ್ರ ಹೆಂಡ್ತಿ. ಗಂಡನ ಪರ ಹೇಳ್ದೆ ಇರ್ತೀಯಾ?" ಸೀರೆ ಬಿಚ್ಚಿ ತಿಂಗಳಾದರೂ ನನ್ನ ಮಾತಿಗೆ ಗಂಡಸಿನ ಸಾಕ್ಷಿಯ ಬೆಲೆ ಬರಲಿಲ್ಲ.

ಕರ್ಕಿಯಲ್ಲಿ ಇಳಿದು ಭಟ್ಟರ ಮನೆಗೂ ಹೋದೆ. ಅವರ ಹೆಂಡತಿ ಗೌರಮ್ಮ ಮಜ್ಜಿಗೆ ತಂದಿಟ್ಟು, ಗಂಡನಿಗೆ ಕೇಳುವ ಹಾಗೇ ತಮ್ಮ ಹವ್ಯಕ ಮಾತಿನಲ್ಲಿ ಹೇಳಿದರು: "ನೀವಾದ್ರೂ ಹೇಳಿ ನೋಡಿ. ಆನು ಹೇಳಿ ಹೇಳಿ ಸಾಕಾತು. ಇವು ಯಾರ ಮಾತೂ ಕೇಳ್ತ್ವಿಲ್ಲೆ."

ಭಟ್ಟರು ಹೂ ಕೊಯ್ದು ತಂದ ಬುಟ್ಟಿಯನ್ನು ಕೆಳಗಿಟ್ಟರು. "ಹೇಳುದು ಎಂತ ಉಂಟು? ಅವ್ರು ಗೆದ್ರು, ನಾನು ಸೋತೆ. ಸೋಲು ನಂಗೆ ಹೊಸತಲ್ಲ. ಅವ್ರ ಹತ್ರವೇ ಎಷ್ಟೋ ಸಲ ಸೋತಿದ್ದೆ. ಆದ್ರೆ ಮೊದಲೇ ಗಂಟು ಹಾಕ್ಕೊಂಡು ಬಂದು ಸೋಲಿಸಿದ್ದು ಇದೇ ಮೊದಲು."

"ಹಾಗಂತ ಅವರು ಹೇಳಿದ್ರಾ? ನೀವೇ ಒಮ್ಮೆ ಕೇಳಿ."

"ಕೇಳೂಕೆ ಎಂತ ಉಂಟು, ಊರಿಗೇ ಗೊತ್ತುಂಟು" ಎಂದು ಭಟ್ಟರು ಒಳಗೆ ಹೋದರು.

ಮುಟ್ಟಳ್ಳಿಗೂ ಹೋದೆ. ನಾಯ್ಕರು ತೆಂಗಿನ ಬುಡಕ್ಕೆ ಗೊಬ್ಬರ ಹಾಕುತ್ತಿದ್ದರು. ಒಮ್ಮೆ ಕರ್ಕಿಗೆ ಹೋಗಿ ಬನ್ನಿ ಎಂದು ಕೈಮುಗಿದೆ.

"ನಾ ಎಂತಕೆ ಹೋಗುದು? ನನ್ನ ಮನಸ್ಸಲ್ಲಿ ಕೆಟ್ಟದು ಇರ್ಲಿಲ್ಲ. ರೈತ ಅಂದ್ಕಂಡು ಪ್ರಶ್ನೆ ಹಾಕ್ದವ್ರು ಅವ್ರು. ಬೇಕಾರೆ ಅವ್ರೇ ಬಂದು ಕೇಳ್ಲಿ."

"ಅವರು ಹಾಗೆ ಅಂದ್ಕೊಂಡಿದ್ರು ಅಂತ ನಿಮಗೆ ಯಾರು ಹೇಳಿದ್ದು ನಾಯ್ಕರೆ?"

"ಎಲ್ಲರೂ ಹೇಳ್ತ್ರು" ಎಂದರು. ಕೇಳಿದರೆ ಒಂದು ಮಾತಿಗೆ ಮುಗಿಯುವುದು ಎಂದು ಅಷ್ಟು ಜನರ ಎದುರು ಗುಡುಗಿದವರು ಇವರೇ ಎಂಬುದನ್ನು ನನಗೆ ನಂಬಲಾಗಲಿಲ್ಲ. ಅದನ್ನು ಬಾಯಿ ಬಿಟ್ಟು ಹೇಳಿಯೂ ಹೇಳಿದೆ. ಅವರು ಹಾರೆ ನೆಲಕ್ಕೆ ಊರಿ, "ಅದು ನಾಟಕ ಮಾರಾಯ" ಎಂದರು.

ಐದಾರು ವರ್ಷ ಹೀಗೇ ಹೋಯಿತು. ತಾಳಮದ್ದಲೆಗಳು ನಡೆಯುತ್ತಲೇ ಇದ್ದವು. ಭಟ್ಟರ ಎದುರು ಯಾರಾದರೂ ಕೂತರೆ ಎರಡು ಸುತ್ತಿಗೇ ಬೆವರಿ ನೀರು ಕುಡಿಯುತ್ತಿದ್ದರು. ಭಟ್ಟರು ಗೆದ್ದು ಗೆದ್ದು ಬೇಸತ್ತ ಮುಖದಲ್ಲಿ ಏಳುತ್ತಿದ್ದರು. ನಾಯ್ಕರ ಎದುರಿಗೆ ಕೂತವರಿಗೆ ಅವರ ಧ್ವನಿಗೇ ಮಾತು ಮರೆಯುತ್ತಿತ್ತು. ಒಮ್ಮೆ ಕುಮಟೆಯಲ್ಲಿ ನಾಯ್ಕರು ಒಂದು ಪ್ರಶ್ನೆ ಹಾಕಿ, ಎದುರಿನವನು ಸುಮ್ಮನೆ ಕೂತಾಗ, ಅವನ ಪರವಾಗಿ ತಾವೇ ಉತ್ತರ ಹೇಳಿ ಮುಂದುವರಿದದ್ದನ್ನು ನಾನು ನೋಡಿದ್ದೇನೆ. ಜನ ಚಪ್ಪಾಳೆ ತಟ್ಟಿದರು. ನನಗೆ ಎದ್ದು ಹೊರಗೆ ಹೋಗುವ ಹಾಗಾಯಿತು. ಆಮೇಲೆ ನಾಯ್ಕರು ಹೋಗುವುದನ್ನೇ ಕಡಿಮೆ ಮಾಡಿದರು. ಕರೆಯಲು ಬಂದವರಿಗೆ ಗದ್ದೆ ಕೆಲಸ ಎನ್ನುತ್ತಿದ್ದರು.

ಅಷ್ಟರಲ್ಲಿ ಭಟ್ಟರಿಗೆ ಪಾರ್ಶ್ವವಾಯು ಹೊಡೆಯಿತು. ಒಂದು ಬೆಳಿಗ್ಗೆ ಪೂಜೆಗೆ ಕೂತವರು ಮಂತ್ರದ ನಡುವೆ ವಾಲಿ ಬಿದ್ದರಂತೆ. ಬಲಗೈ, ಬಲಗಾಲು ಹೋಯಿತು. ನಾಲಗೆಯೂ ಹೋಯಿತು. ನನಗೆ ಇದು ತಿಳಿದದ್ದು ಲಾಂಚಿನಲ್ಲಿ. ಭಟ್ಕಳದಲ್ಲಿ ಇಳಿದವನು ಕಚೇರಿಗೆ ಹೋಗದೆ ನೇರ ಮುಟ್ಟಳ್ಳಿಗೆ ನಡೆದೆ.

ನಾಯ್ಕರು ಗದ್ದೆಯಲ್ಲಿ ಆಳುಗಳ ಜೊತೆ ಸಸಿ ನೆಡುತ್ತಿದ್ದರು. ನಾನು ಬದುವಿನ ಮೇಲೆ ನಿಂತು ಹೇಳಿದೆ. ಅವರು ನೆಟ್ಟಗಾಗಿ ನಿಂತರು, ಕೈಯಲ್ಲಿದ್ದ ಸಸಿಯ ಕಟ್ಟನ್ನು ಪಕ್ಕದವಳ ಕೈಗೆ ಕೊಟ್ಟರು. "ಮಾತು ಬರುದೇ ಇಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. ತೋಡಿನಲ್ಲಿ ಕಾಲು ತೊಳೆದು, ಮನೆಗೂ ಹೋಗದೆ, ಉಟ್ಟ ಪಂಚೆಯಲ್ಲೇ ನನ್ನ ಜೊತೆ ಹೊರಟರು. ಬಸ್ಸು, ಲಾಂಚು, ಮತ್ತೆ ಬಸ್ಸು ಹಿಡಿದು ಕರ್ಕಿ ಮುಟ್ಟಿದೆವು.

ಭಟ್ಟರನ್ನು ಜಗಲಿಯ ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಮೊದಲಿನಷ್ಟೇ ಚುರುಕು. ನಾಯ್ಕರನ್ನು ನೋಡಿದರು, ನೋಡುತ್ತಲೇ ಇದ್ದರು. ಗೌರಮ್ಮ ಚಾಪೆ ಹಾಸಲು ಬಂದರೆ ನಾಯ್ಕರು ಬೇಡವೆಂದು, ಮಂಚದ ಎದುರಿಗೆ ಬರೀ ನೆಲದ ಮೇಲೆ, ತಾಳಮದ್ದಲೆಗೆ ಕೂರುವ ಹಾಗೆ ಕಾಲು ಮಡಚಿ ಕೂತರು.

"ಭಟ್ರೆ," ಎಂದರು. "ಆ ದಿನ ನಾ ಕೇಳಿದ್ದಕ್ಕೆ ನಿಮ್ಮ ಹತ್ರ ಉತ್ರ ಇತ್ತು. ಮಾಸ್ತರ್ರು ಕೈಮುಗಿದ್ರು ಅಂತ ನೀವು ಬಾಯಿ ಮುಚ್ಚಿದ್ದು. ನಂಗೆ ಆಗ್ಲೇ ಗೊತ್ತಾಗಿತ್ತು. ಗೆದ್ದೆ ಅಂತ ನಾ ಒಂದು ದಿನವೂ ಅಂದ್ಕಂಡಿಲ್ಲ. ನಿಮ್ಮ ಮೇಲಾಣೆ. ಬಂದು ಹೇಳ್ಬೇಕಾಗಿತ್ತು, ಬರ್ಲಿಲ್ಲ. ಈಗ ಹೇಳಿ, ಎಂತ ಇತ್ತು ಆ ಉತ್ರ?"

ಭಟ್ಟರ ತುಟಿ ಅಲುಗಿತು. ಗಂಟಲಿನಿಂದ ಒಂದು ಸದ್ದು ಬಂತು, ಮಾತಾಗಲಿಲ್ಲ. ಇನ್ನೊಮ್ಮೆ ಪ್ರಯತ್ನಪಟ್ಟರು. ಗೌರಮ್ಮ ಸೆರಗಿನಿಂದ ಅವರ ಬಾಯಿ ಒರೆಸಿದರು.

ನಾಯ್ಕರು ತಲೆ ಬಗ್ಗಿಸಿದರು. ಆಮೇಲೆ ತಮ್ಮ ದೊಡ್ಡ ಧ್ವನಿಯನ್ನು ತಗ್ಗಿಸಿ, ಭಟ್ಟರ ನಯವಾದ ಧಾಟಿಯಲ್ಲಿ ತಾವೇ ಶುರುಮಾಡಿದರು. "ದಳಪತಿಗಳೇ, ಕೇಳಿದರೆ ಮುಗಿಯುತ್ತದೆ ಎಂದಿರಿ. ಆದರೆ ಹೆಂಡತಿಯನ್ನು ನೀನು ಶುದ್ಧಳೇ ಎಂದು ಕೇಳಿದ ಮೇಲೆ, ಅವಳ ಉತ್ತರ ಏನೇ ಇರಲಿ, ಕೇಳಿದ ಮಾತು ಅವಳ ಎದೆಯಲ್ಲಿ ಉಳಿಯುವುದಿಲ್ಲವೇ?" ತಲೆ ಎತ್ತಿ ನೋಡಿದರು. "ಇದೇ ಅಲ್ದಾ ಭಟ್ರೆ?"

ಭಟ್ಟರು ಮೆಲ್ಲಗೆ ತಲೆ ಆಡಿಸಿದರು. ಅಲ್ಲ.

"ಹಾಗಾರೆ ಹೀಗೆ. ಸುಳ್ಳು ಹೇಳುವವಳು ಕೇಳಿದಾಗಲೂ ಸುಳ್ಳನ್ನೇ ಹೇಳುತ್ತಾಳೆ, ಹಾಗಿರುವಾಗ ಕೇಳಿ ಪ್ರಯೋಜನವೇನು?"

ಭಟ್ಟರು ಎಡಗೈಯನ್ನು ಎತ್ತಿ ಗಾಳಿಯಲ್ಲಿ ಬೀಸಿದರು. ಅಷ್ಟು ಪೇಲವ ಮಾತನ್ನು ತಮ್ಮ ಬಾಯಿಗೆ ಹಾಕಿದ್ದಕ್ಕೆ ಅವರ ಕಣ್ಣಲ್ಲಿ ಒಂದು ಸಣ್ಣ ನಗುವೂ ಇತ್ತು. "ಅದೂ ಅಲ್ಲಡ" ಎಂದರು ಗೌರಮ್ಮ. ಅವರು ನಗುತ್ತಿದ್ದರು, ಅಳುತ್ತಲೂ ಇದ್ದರು. ಭಟ್ಟರ ಹತ್ತಿರ ಉತ್ತರ ಇತ್ತು. ಅದು ಅವರ ಕಣ್ಣಲ್ಲಿ ನಮಗೆ ಮೂವರಿಗೂ ಕಾಣುತ್ತಿತ್ತು.

"ಮತ್ತೆ ಎಂತದು ಭಟ್ರೆ?" ನಾಯ್ಕರು ಮಂಚದ ಅಂಚು ಹಿಡಿದುಕೊಂಡರು. "ನಂಗೆ ಹೊಳೆಯುದಿಲ್ಲ. ಒಂದ್ ಸಲ ಸೋಲ್ಸಿ ನಂಗೆ. ಒಂದೇ ಸಲ ಸೋಲ್ಸಿ ಮಾರಾಯ್ರೆ."

ಭಟ್ಟರು ಎಡಗೈಯನ್ನು ತಂದು ಅವರ ಮಣಿಕಟ್ಟಿನ ಮೇಲೆ ಇಟ್ಟರು. ಬಸ್ಸಿನ ಹೊತ್ತಾಗುವವರೆಗೂ ನಾಯ್ಕರು ಒಂದಾದ ಮೇಲೊಂದು ಉತ್ತರ ಹೇಳುತ್ತಲೇ ಇದ್ದರು. ಭಟ್ಟರು ಪ್ರತಿಯೊಂದಕ್ಕೂ ಅಲ್ಲ, ಅದಲ್ಲ ಎಂದು ತಲೆ ಆಡಿಸುತ್ತಲೇ ಇದ್ದರು.